ಕೈಯಲ್ಲಿ ಕಡಿಮೆ ಹಣವಿದ್ದರೆ ಬೆಂಗಳೂರಿನಲ್ಲಿ ಬಾಡಿಗೆಗೆ ಕೊಡಲು ಮನೆ ಕೊಳ್ಳಬಹುದೇ?

ಕೊಳ್ಳಬಹುದು, ಆದರೆ ಬಾಡಿಗೆಯೇ ಸಾಲ ತೀರಿಸುತ್ತದೆ ಎಂಬ ಲೆಕ್ಕವನ್ನು ದಯವಿಟ್ಟು ಬಿಟ್ಟುಬಿಡಿ.

60 ಲಕ್ಷದ ಫ್ಲ್ಯಾಟ್ ಎಂದುಕೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30ರಿಂದ 75 ಲಕ್ಷದವರೆಗಿನ ಗೃಹಸಾಲ ಬೆಲೆಯ ಶೇ 80 ಮೀರುವಂತಿಲ್ಲ. ಅಂದರೆ 12 ಲಕ್ಷ ನಿಮ್ಮದು. ಮುದ್ರಾಂಕ ಶುಲ್ಕ ಮತ್ತು 2025ರ ಆಗಸ್ಟ್ ಕೊನೆಯಲ್ಲಿ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ಇನ್ನೂ ನಾಲ್ಕೂವರೆ ಲಕ್ಷ. ಉಳಿದ 48 ಲಕ್ಷಕ್ಕೆ ಶೇ 8.5ರ ಬಡ್ಡಿಯಲ್ಲಿ, 20 ವರ್ಷಕ್ಕೆ, ತಿಂಗಳ ಕಂತು ಸುಮಾರು 41,600 ರೂಪಾಯಿ. ಅಂಥ ಮನೆಗೆ ಬಾಡಿಗೆ 20,000 ಬಂದರೂ ಅರ್ಧಕ್ಕಿಂತ ಹೆಚ್ಚು ನಿಮ್ಮ ಸಂಬಳದಿಂದಲೇ ಹೋಗಬೇಕು. ಮನೆ ಖಾಲಿ ಬಿದ್ದ ತಿಂಗಳು ಪೂರ್ತಿ ನಿಮ್ಮ ತಲೆಯ ಮೇಲೆ.

ನಮ್ಮಲ್ಲಿ ಅನೇಕರು ಹಿಡಿಯುವ ದಾರಿ ಭೋಗ್ಯ: ಬಾಡಿಗೆದಾರರಿಂದ ಹತ್ತಿಪ್ಪತ್ತು ಲಕ್ಷ ಒಟ್ಟಿಗೆ ಪಡೆದು ಸಾಲಕ್ಕೆ ಕಟ್ಟುವುದು. ಬಡ್ಡಿಯಿಲ್ಲದ ಹಣವೆಂದು ಖುಷಿಪಡಬೇಡಿ. ಅಷ್ಟೂ ದಿನ ಬಾಡಿಗೆ ಬರುವುದಿಲ್ಲ, ಕರಾರು ಮುಗಿದ ದಿನ ಇಡೀ ಮೊತ್ತ ಹಿಂದಿರುಗಿಸಬೇಕು. ಅದು ಬೇರೊಂದು ಕುಟುಂಬದ ಜೀವಮಾನದ ಉಳಿತಾಯ. ಮುಂದಿನ ಭೋಗ್ಯದಾರರು ಸಿಗದೆ ಎರಡೂ ಕಡೆಯವರು ಠಾಣೆ ಮೆಟ್ಟಿಲು ಹತ್ತುವುದುಂಟು.

ಅಗ್ಗವೆಂದು ಬಿ ಖಾತಾ ಆಸ್ತಿಗೆ, ಅಂದರೆ ದಾಖಲೆ ಪೂರ್ತಿ ಸಕ್ರಮವಾಗಿರದ ಆಸ್ತಿಗೆ, ಕೈಹಾಕಬೇಡಿ. ಹಲವು ಬ್ಯಾಂಕುಗಳು ಅದಕ್ಕೆ ಸಾಲ ಕೊಡುವುದಿಲ್ಲ. ಬಾಡಿಗೆ ಆದಾಯವಷ್ಟೇ ಸಾಕೆಂದಾದರೆ ಷೇರುಪೇಟೆಯಲ್ಲಿ ರೀಟ್ (ಹಲವರ ಹಣದಿಂದ ಕಟ್ಟಡಗಳನ್ನು ಹೊಂದಿ, ಬಂದ ಬಾಡಿಗೆಯನ್ನು ಹಂಚುವ ಟ್ರಸ್ಟ್) ಯೂನಿಟ್‌ಗಳನ್ನು ಒಂದೊಂದಾಗಿಯೂ ಕೊಳ್ಳಬಹುದು. ದೇಶದ ಮೊದಲ ರೀಟ್, 2019ರಲ್ಲಿ ಪಟ್ಟಿಯಾದ ಎಂಬೆಸಿ, ಬೆಂಗಳೂರಿನದೇ. ಅದರ ಬೆಲೆಯೂ ಇಳಿಯಬಹುದು, ಆದರೆ ಸಾಲದ ಹೊರೆಯಂತೂ ಇರುವುದಿಲ್ಲ.