ಫೇಸ್‌ಬುಕ್ ಲಾಕ್ ಆಗಿ ಆಧಾರ್ ಕೇಳ್ತಿದ್ದರೆ

ಮನೆಯವರಿಗೆ ಗೊತ್ತಾಗದಂತೆ ‘ಬದಿಯಡ್ಕದ ಹುಡುಗಿ’ ಹೆಸರಲ್ಲಿ ಕವಿತೆ ಹಾಕುತ್ತಿದ್ದ ಫೇಸ್‌ಬುಕ್ ಖಾತೆ ಲಾಕ್ ಆಗಿದೆ, ಆಧಾರ್ ಕಳಿಸಿ ಅಂತ ಇಮೇಲ್ ಬಂದಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಲಾಕ್ ಆಗಿದ್ದು ಬಹುಶಃ ಆ ಹೆಸರಿನಿಂದಲೇ. ಯಾರೋ ರಿಪೋರ್ಟ್ ಮಾಡಿರಬೇಕು. ದಿನನಿತ್ಯ ನಿಮ್ಮನ್ನು ಕರೆಯುವ ಹೆಸರು ಇರಬೇಕು ಅನ್ನುವುದು ಫೇಸ್‌ಬುಕ್ ನಿಯಮ. ಆಧಾರ್‌ನಲ್ಲಿ ಹೆಸರಿನ ಜೊತೆ ಮನೆಯ ಇನಿಶಿಯಲ್ ಇದೆ ಅಂತ ತಲೆಕೆಡಿಸಿಕೊಳ್ಳಬೇಡಿ, ನಮ್ಮ ಕಾಸರಗೋಡಲ್ಲಿ ಅದು ಯಾರಿಗಿಲ್ಲ ಹೇಳಿ!

ಮೊದಲಿಗೆ, ಇಮೇಲಿಗೆ ಬಂದ ಲಿಂಕ್ ಒತ್ತಬೇಡಿ. ಆಪ್‌ನಲ್ಲೇ ಲಾಗಿನ್ ಆಗಿ, ಅಲ್ಲೂ ಗುರುತಿನ ಚೀಟಿ ಕೇಳುತ್ತದಾ ನೋಡಿ. ಕೇಳಿದರೆ ಆಧಾರ್ ಕೊಡುವ ಸಂಸ್ಥೆ ಯುಐಡಿಎಐಯ ಸೈಟಿನಿಂದ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಿ, ಅದರಲ್ಲಿ ನಂಬರಿನ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಆ ಫೈಲ್ ತೆರೆಯುವ ಪಾಸ್‌ವರ್ಡ್ ಅಂದರೆ ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರ, ಆಮೇಲೆ ಹುಟ್ಟಿದ ವರ್ಷ. ಇನಿಶಿಯಲ್ ಮುಂದಿದ್ದರೆ ಅದರ ಚುಕ್ಕಿಯೂ ಆ 4ರಲ್ಲಿ ಒಂದು, ಇಲ್ಲೇ ಜಾಸ್ತಿ ಜನ ಸಿಕ್ಕಿಬೀಳುವುದು. ಫೈಲ್ ತೆರೆದು ಸ್ಕ್ರೀನ್‌ಶಾಟ್ ತೆಗೆಯಿರಿ, ವಿಳಾಸ ಮುಚ್ಚಿ, ಹೆಸರು, ಫೋಟೋ, ಹುಟ್ಟಿದ ದಿನಾಂಕ ಮಾತ್ರ ಕಾಣುವ ಹಾಗೆ ಕಳಿಸಿ. ಒಪ್ಪಿಯೇ ಒಪ್ಪುತ್ತಾರೆ ಅಂತ ಗ್ಯಾರಂಟಿ ಕೊಡಲಾರೆ, ತಿರಸ್ಕಾರವಾದರೆ ಬೇರೆ ಗುರುತಿನ ಚೀಟಿ ಹಾಕಿ.

ಖಾತೆ ತೆರೆದ ಮೇಲೆ ನಿಮ್ಮ ನಿಜವಾದ ಹೆಸರಿನ ಸ್ಪೆಲ್ಲಿಂಗ್ ಸರಿಯಾಗಿ ನೋಡಿ ಹಾಕಿ, ಮತ್ತೆ 60 ದಿನ ಬದಲಿಸಲು ಆಗುವುದಿಲ್ಲ. ಮನೆಯವರಿಗೆ ಗೊತ್ತಾಗಬಾರದು ಅಂದಿರಲ್ವಾ, ಹಾಗಾದರೆ ‘ಬದಿಯಡ್ಕದ ಹುಡುಗಿ’ ಹೆಸರಿನ ಪೇಜ್ ಮಾಡಿ ಕವಿತೆಗಳನ್ನು ಅಲ್ಲಿಗೆ ಸಾಗಿಸಿ. ಪೇಜ್ ನಡೆಸುವವರ ಹೆಸರು ಓದುಗರಿಗೆ ಕಾಣುವುದಿಲ್ಲ.