ಮೊಣಕಾಲಿನ ಕಾರ್ಟಿಲೇಜ್‌ಗೆ ಹೊಸ ಆಪರೇಷನ್ ಅಂತಾರೆ, ನಂಬಬಹುದಾ?

ನಿಮಗೆ 28 ವರ್ಷ, ವಾಲಿಬಾಲ್ ಆಡುವಾಗ ಮೊಣಕಾಲು ತಿರುಚಿ ಕಾರ್ಟಿಲೇಜ್, ಅಂದ್ರೆ ಮೂಳೆ ತುದಿಯ ನುಣುಪಾದ ಪದರ, ಕಿತ್ತಿದೆ. ನಿಮ್ಮದೇ ಜೀವಕೋಶ ಬೆಳೆಸಿ ಕೂರಿಸುವ ಹೊಸ ಆಪರೇಷನ್ ಇದೆ, ನೂರಕ್ಕೆ ತೊಂಬತ್ತು ಗ್ಯಾರಂಟಿ ಅಂದಿದ್ದಾರೆ, ನಂಬಲಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಗಂಗಾವತಿಯವನು, ಇದೇ ದಾರಿಯಲ್ಲಿ ಕುಂಟಿಕೊಂಡು ಹೋಗಿ ಬಂದವನು.

ನನಗಾಗಿದ್ದು ಕಬಡ್ಡಿಯಲ್ಲಿ. ಬಸ್ ಮೆಟ್ಟಿಲು ಹತ್ತುವಾಗ ಒಳಗೆ ಏನೋ ಕಟಕ್ ಅಂತ ಸಿಕ್ಕಿಕೊಳ್ಳುತ್ತಿತ್ತು, ಕಾಲು ಝಾಡಿಸಿದರೆ ಮಾತ್ರ ಬಿಡುತ್ತಿತ್ತು, ಹಿಂದಿನವರು ಬೈಯುತ್ತಿದ್ದರು. ಅಂಜನಾದ್ರಿಯ 575 ಮೆಟ್ಟಿಲು ಬಿಡಿ, ಮನೆ ಮಾಳಿಗೆ ಹತ್ತೋದೇ ಸಾಕಾಗಿತ್ತು. ಬಳ್ಳಾರಿಯಲ್ಲಿ ಎಂಆರ್‌ಐ ಮಾಡಿಸಿ, ಫಿಲ್ಮ್ ಹಿಡಿದುಕೊಂಡು ದೊಡ್ಡ ಊರಿನ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಅವರೂ ಇದೇ ಜೀವಕೋಶದ ಆಪರೇಷನ್ ಅಂದರು. ಲ್ಯಾಪ್‌ಟಾಪ್ ನಮ್ಮ ಕಡೆ ತಿರುಗಿಸಿ ಎರಡು ಚಿತ್ರ ತೋರಿಸಿದರು: ಮೊದಲು ಕಾರ್ಟಿಲೇಜ್ ಕಿತ್ತ ಜಾಗದಲ್ಲಿ ಗುಂಡಿ, ವರ್ಷದ ಮೇಲೆ ಗುಂಡಿ ಮುಚ್ಚಿದೆ. ಅಪ್ಪ ಆಗಲೇ ಹೊಲದ ಮೇಲೆ ಸಾಲ ಎಷ್ಟು ಸಿಗುತ್ತೆ ಅಂತ ಲೆಕ್ಕ ಹಾಕುತ್ತಿದ್ದರು. "ಇದನ್ನ ಮಾಡಿಸದೆ ಬೇರೆ ಆಪರೇಷನ್ ಮಾಡಿಸಿಕೊಂಡವರು ಹೇಗಿದ್ದಾರೆ ಸರ್?" ಅಂದೆ. ಉತ್ತರ ಬರಲಿಲ್ಲ, ಬ್ರೋಷರ್ ಬಂತು.

ನೀವು ಕೇಳಬೇಕಾಗಿರೋದೂ ಅದನ್ನೇ. ಮೊಣಕಾಲು ನೋವು ಏರುತ್ತೆ, ಇಳಿಯುತ್ತೆ. ನಾವು ಆಸ್ಪತ್ರೆಗೆ ಹೋಗೋದು ಏರಿದಾಗ. ಆಮೇಲೆ ಆಪರೇಷನ್, ವಾರಗಟ್ಟಲೆ ಊರುಗೋಲು, ತಿಂಗಳುಗಟ್ಟಲೆ ಫಿಸಿಯೋಥೆರಪಿ, ಆಟ ಬಂದ್. ಇಷ್ಟೆಲ್ಲಾ ಆದಮೇಲೆ ಆರಾಮ ಆದರೆ ಯಾವುದರಿಂದ ಆಯ್ತು? 2002ರಲ್ಲಿ ಅಮೆರಿಕದಲ್ಲಿ, ಸವೆದ ಮೊಣಕಾಲಿನ 180 ಜನರ ಮೇಲೆ ಒಂದು ಪರೀಕ್ಷೆ ಮಾಡಿದರು. ಕೆಲವರಿಗೆ ದುರ್ಬೀನು ಹಾಕಿ ಒಳಗೆ ನಿಜವಾಗಿ ತೊಳೆದು ಕೆರೆದರು, ಕೆಲವರಿಗೆ ಚರ್ಮ ಮಾತ್ರ ಕೊಯ್ದು ಹೊಲಿಗೆ ಹಾಕಿದರು. ಯಾರಿಗೆ ಯಾವುದು ಅಂತ ರೋಗಿಗಳಿಗೆ ಗೊತ್ತಿರಲಿಲ್ಲ. ಎರಡು ವರ್ಷ ಆದಮೇಲೂ ನೋವಿನಲ್ಲಿ ಫರಕೇ ಇರಲಿಲ್ಲ! ನಿಮ್ಮದು ಸವೆತ ಅಲ್ಲ, ಪೆಟ್ಟು, ಹಾಗಾಗಿ ಅದು ನೇರ ನಿಮಗೆ ಅನ್ವಯಿಸಲ್ಲ. ಆದ್ರೆ "ಮಾಡಿಸಿಕೊಂಡವರು ಆರಾಮಿದ್ದಾರೆ" ಅನ್ನೋ ಮಾತಿನ ತೂಕ ಎಷ್ಟು ಅಂತ ಗೊತ್ತಾಗುತ್ತೆ ಅಲ್ವಾ.

ಜೀವಕೋಶದ ಆಪರೇಷನ್ ಸುಳ್ಳಲ್ಲ. ಸ್ವೀಡನ್‌ನವರು 1994ರಲ್ಲಿ 23 ಜನರ ವರದಿ ಕೊಟ್ಟರು. ಫಲಿತಾಂಶ ಚೆನ್ನಾಗಿತ್ತು, ಆದ್ರೆ ಹೋಲಿಸಿ ನೋಡೋಕೆ ಇನ್ನೊಂದು ಗುಂಪು ಇರಲಿಲ್ಲ. ನಾರ್ವೆಯಲ್ಲಿ 80 ಜನರಲ್ಲಿ ಅರ್ಧ ಜನಕ್ಕೆ ಇದು, ಅರ್ಧ ಜನಕ್ಕೆ ಮೂಳೆಗೆ ಸಣ್ಣ ತೂತು ಕೊರೆಯುವ ಅಗ್ಗದ ಮೈಕ್ರೋಫ್ರಾಕ್ಚರ್ ಮಾಡಿದರು. ಎರಡು ವರ್ಷಕ್ಕೂ ಹದಿನೈದು ವರ್ಷಕ್ಕೂ ಜೀವಕೋಶದ ಆಪರೇಷನ್ನೇ ಮೇಲು ಅಂತ ಕಾಣಲಿಲ್ಲ. ಆಮೇಲೆ ಕೋಶಗಳನ್ನು ಪದರದ ಮೇಲೆ ಬೆಳೆಸಿ ಅಂಟಿಸುವ ವಿಧಾನ ಬಂತು. 3 ಚದರ ಸೆಂ.ಮೀ. ಮತ್ತು ಅದಕ್ಕಿಂತ ದೊಡ್ಡ ಗುಂಡಿ ಇದ್ದವರಲ್ಲಿ ಅದು ಎರಡು ವರ್ಷಕ್ಕೆ ಮೈಕ್ರೋಫ್ರಾಕ್ಚರ್‌ಗಿಂತ ಮೇಲು ಅಂತ ಕಂಡಿತು. ಅಂದ್ರೆ ನಿಮ್ಮ ಗುಂಡಿಯ ಅಳತೆ ಗೊತ್ತಿಲ್ಲದೆ "ತೊಂಬತ್ತು" ಅನ್ನೋದು ಸುಮ್ನೆ ಮಾತು. ಚಿತ್ರದಲ್ಲಿ ಗುಂಡಿ ತುಂಬಿದರೆ ನೋವು ಹೋಗಲೇಬೇಕು ಅಂತಲೂ ಇಲ್ಲ. ನೋವು ಎಷ್ಟಿಳಿಯಿತು, ಮೆಟ್ಟಿಲು ಹತ್ತುತ್ತಾರಾ, ಎಷ್ಟು ಜನ ಮತ್ತೆ ಆಪರೇಷನ್‌ಗೆ ಬಂದರು, ಇದನ್ನ ಕೇಳಿ.

ಯಾರಾದರೂ ಸ್ಟೆಮ್ ಸೆಲ್ (ಬೇರೆ ಬೇರೆ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ) ಇಂಜೆಕ್ಷನ್ ಅಂದರೆ ಎದ್ದು ಬನ್ನಿ. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಮೊಣಕಾಲಿಗೆ ಅದನ್ನ ಅಧಿಕೃತ ಟ್ರಯಲ್‌ನಲ್ಲಿ, ಅಂದ್ರೆ ಸಂಶೋಧನೆಯ ಪರೀಕ್ಷೆಯಲ್ಲಿ, ಬಿಟ್ಟು ಕೊಡೋ ಹಾಗಿರಲಿಲ್ಲ. "ಇದು ಟ್ರಯಲ್" ಅಂತ ಅವರು ಅಂದರೆ ಸಿಟಿಆರ್‌ಐ (ದೇಶದ ಟ್ರಯಲ್‌ಗಳ ಸರ್ಕಾರಿ ಪಟ್ಟಿ) ನೋಂದಣಿ ನಂಬರ್ ಕೇಳಿ, ಆ ಪಟ್ಟಿ ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಟ್ರಯಲ್ ಅಂತ ಹೇಳಿ ಲಕ್ಷಗಟ್ಟಲೆ ಬಿಲ್ ಮಾಡಿದರೆ ಅಲ್ಲೇನೋ ಸರಿ ಇಲ್ಲ.

ನನ್ನ ಗುಂಡಿ 1 ಚದರ ಸೆಂ.ಮೀ. ಸುತ್ತಮುತ್ತ ಇತ್ತು. ಬಳ್ಳಾರಿಯ ಇನ್ನೊಬ್ಬ ಡಾಕ್ಟರ್ ಒಳಗೆ ಸಿಕ್ಕಿಕೊಳ್ಳುತ್ತಿದ್ದ ಚೂರು ತೆಗೆದು ಆರು ತಿಂಗಳು ತೊಡೆಯ ವ್ಯಾಯಾಮ ಮಾಡಿಸಿದರು. ಕಬಡ್ಡಿ ಹೋಯ್ತು, ಬಸ್ ಹತ್ತುತ್ತೀನಿ. ನಿಮ್ಮ ರಿಪೋರ್ಟಿನಲ್ಲಿ ಅಳತೆ ಎಷ್ಟು ಬರೆದಿದ್ದಾರೆ?