ಡಿಶ್‌ವಾಶರ್‌ಗೆ ಏನು ಹಾಕಬಹುದು, ಏನು ಬೇಡ?

ಹೊಸ ಡಿಶ್‌ವಾಶರ್ ತಂದಿದ್ದೇವೆ, ಕುಕ್ಕರ್, ದೋಸೆ ಕಾವಲಿ, ಅಜ್ಜಿಯ ಹಿತ್ತಾಳೆ ಪಾತ್ರೆ ಎಲ್ಲಾ ಹಾಕಬಹುದಾ ಎಂದು ಕೇಳಿದ್ದೀರಿ. ಅಜ್ಜಿಯ ಪಾತ್ರೆಯನ್ನು ಮಾತ್ರ ದಯವಿಟ್ಟು ಹಾಕಬೇಡಿ. ಹಿತ್ತಾಳೆ, ತಾಮ್ರ ಎರಡೂ ಮಂಕಾಗುತ್ತವೆ, ಒಳಗಿನ ಕಲಾಯಿಯೂ ಸವೆಯುತ್ತದೆ. ಅವಕ್ಕೆ ಹುಣಸೆಹಣ್ಣೇ ಸರಿ.

ನಾವು ಮೆಷಿನ್ ತಂದು ನಾಲ್ಕು ವರ್ಷವಾಯಿತು. ಮೊದಲ ವಾರದಲ್ಲೇ ಅಮ್ಮ ಕೊಟ್ಟಿದ್ದ ಅಲ್ಯೂಮಿನಿಯಂ ಕುಕ್ಕರನ್ನು ಹಾಕಿಬಿಟ್ಟೆ. ತೆಗೆದು ನೋಡಿದರೆ ಬೂದಿ ಬಣ್ಣ, ಮುಟ್ಟಿದರೆ ಕೈಯೆಲ್ಲಾ ಕಪ್ಪು. ತುಂಬಾ ಬೇಜಾರಾಯಿತು. ಬಿಸಿನೀರಿಗೆ ಹೀಗಾಯಿತು ಅಂದುಕೊಂಡಿದ್ದೆ. ಮುಖ್ಯ ಕಾರಣ ಡಿಟರ್ಜೆಂಟ್. ಅದರಲ್ಲಿ ವಾಷಿಂಗ್ ಸೋಡಾದಂಥ ಕ್ಷಾರ ಇರುತ್ತದೆ. ಅದು 50ರಿಂದ 70 ಡಿಗ್ರಿ ಬಿಸಿನೀರಿನ ಜೊತೆ ಸೇರಿ ತುಂಬಾ ಹೊತ್ತು ಬಡಿಯುತ್ತಿದ್ದರೆ ಅಲ್ಯೂಮಿನಿಯಂನ ಮೇಲ್ಪದರ ಕಿತ್ತುಹೋಗುತ್ತದೆ. ಹಳೇ ಇಡ್ಲಿ ತಟ್ಟೆ, ಒಗ್ಗರಣೆ ಸೌಟು ಎಷ್ಟೋ ಮನೆಗಳಲ್ಲಿ ಅಲ್ಯೂಮಿನಿಯಂದೇ ಅಲ್ವಾ, ನೋಡಿ ಹಾಕಿ. ಮ್ಯಾಗ್ನೆಟ್ ಹಿಡಿದರೆ ಅದು ಅಲ್ಯೂಮಿನಿಯಂ ಅಲ್ಲ. ಹಿಡಿಯದಿದ್ದರೆ ಸ್ಟೀಲೂ ಇರಬಹುದು, ಕೆಲವು ಸ್ಟೀಲಿಗೆ ಮ್ಯಾಗ್ನೆಟ್ ಅಂಟುವುದಿಲ್ಲ. ಆಗ ತೂಕ ನೋಡಿ, ಅಲ್ಯೂಮಿನಿಯಂ ಹಗುರ.

ಸ್ಟೀಲ್ ತಟ್ಟೆ, ಲೋಟ, ಡಬ್ಬಿ, ಸೌಟು ಧೈರ್ಯವಾಗಿ ಹಾಕಿ. ಸ್ಟೀಲ್ ಕುಕ್ಕರ್ ಕೂಡ ಸರಿ, ಆದರೆ ಗ್ಯಾಸ್ಕೆಟ್, ವೆಯ್ಟ್ ತೆಗೆದು ಕೈಯಲ್ಲಿ ತೊಳೆಯಿರಿ. ಸ್ಟೀಲ್ ಕಾಫಿ ಫಿಲ್ಟರ್ ಹಾಕಿದರೆ ಆಮೇಲೆ ಬೆಳಕಿಗೆ ಹಿಡಿದು ನೋಡಿ, ತೂತುಗಳಲ್ಲಿ ಏನಾದರೂ ಕೂತಿರುತ್ತದೆ. ಗಾಜು, ಪಿಂಗಾಣಿ ಪಾತ್ರೆಗೂ ತೊಂದರೆಯಿಲ್ಲ, ಚಿನ್ನದ ಅಂಚಿದ್ದರೆ ಮಾತ್ರ ಬೇಡ. ಪ್ಲಾಸ್ಟಿಕ್ ಮೇಲಿನ ರ‍್ಯಾಕಿಗೆ.

ಕಬ್ಬಿಣದ ಕಾವಲಿಯನ್ನು ಹಾಕಲೇಬೇಡಿ. ವರ್ಷಗಟ್ಟಲೆ ಎಣ್ಣೆ ಕುಡಿದು ಪಳಗಿದ ಕಾವಲಿ ಅದು. ಒಂದೇ ಸಲಕ್ಕೆ ಆ ಪದರ ಹೋಗಿ ತುಕ್ಕು ಹಿಡಿಯುತ್ತದೆ, ಮತ್ತೆ ದೋಸೆ ಏಳುವುದಿಲ್ಲ. ಕಲ್ಚಟ್ಟಿಯೂ ಬೇಡ, ಕಲ್ಲು ಸೋಪು ಹೀರಿದರೆ ಆಮೇಲೆ ಸಾರಿಗೆ ಅದರ ರುಚಿ ಬರುತ್ತದೆ. ಲಟ್ಟಣಿಗೆ, ಮಣೆ ಬಿರುಕು ಬಿಡುತ್ತವೆ. ಮಿಕ್ಸಿ ಜಾರ್ ಹೊರಗೆ ಸ್ಟೀಲ್ ಆದರೂ ಬ್ಲೇಡಿನ ಕೆಳಗೆ ಬೇರಿಂಗ್, ರಬ್ಬರ್ ಇರುತ್ತವೆ. ಅಲ್ಲಿಗೆ ನೀರು ಇಳಿದರೆ ಜಾರ್ ಸೋರಲು ಶುರುವಾಗುತ್ತದೆ. ನಾನು ಮುಚ್ಚಳ ಮಾತ್ರ ಹಾಕುತ್ತೇನೆ.

ಇನ್ನೊಂದು ವಿಷಯ. ನಿಮ್ಮದು ಬೋರ್‌ವೆಲ್ ನೀರಾದರೆ ಗಾಜಿನ ಲೋಟದ ಮೇಲೆ ಬಿಳಿ ಪೊರೆ ಕೂರಬಹುದು. ಲೋಟ ಹಾಳಾಯಿತು ಅಂತ ಎಸೆಯಬೇಡಿ. ಸ್ವಲ್ಪ ವಿನೆಗರ್ ಹಚ್ಚಿ ಉಜ್ಜಿ ನೋಡಿ. ಹೋದರೆ ಅದು ಗಡಸು ನೀರಿನ ಕಲೆ. ನೀರಿನ ಗಡಸು ಇಳಿಸಲು ಮೆಷಿನ್‌ಗೆ ಹಾಕುವ ಡಿಶ್‌ವಾಶರ್ ಸಾಲ್ಟ್ ತುಂಬಿಸಿ, ಗಡಸು ನೀರಿನ ಸೆಟ್ಟಿಂಗ್ ಏರಿಸಿದರೆ ಕಡಿಮೆಯಾಗುತ್ತದೆ. ಅಡುಗೆ ಉಪ್ಪು ಮಾತ್ರ ಹಾಕಬೇಡಿ.